ಜೇನು ಪೆಟ್ಟಿಗೆ ಇಟ್ಟರೆ ಆಸ್ತಿ ತೆರಿಗೆ ಇಲ್ವಾ? ಟೆಕ್ಸಸ್‌ನ ‘ಆ್ಯಗ್ ಎಕ್ಸೆಂಪ್ಷನ್’ ಬಗ್ಗೆ ತಿಳಿಯಬೇಕಾದ್ದು

ಯುಗಾದಿ ಊಟಕ್ಕೆ ನಾಲ್ಕು ಮನೆಯವರು ಸೇರಿದರೆ ಸಾಕು, ಈಚೆಗೆ ಈ ಮಾತು ಬಂದೇ ಬರುತ್ತದೆ. ‘ಆಸ್ಟಿನ್‌ನಿಂದ ಒಂದು ಗಂಟೆ ದೂರದಲ್ಲಿ ಹತ್ತು ಎಕರೆ ಸಿಗ್ತಿದೆಯಂತೆ. ನಾಲ್ಕಾರು ಜೇನು ಪೆಟ್ಟಿಗೆ ಇಟ್ಟರೆ ಟ್ಯಾಕ್ಸೇ ಇಲ್ವಂತೆ, ಹೌದಾ?’

ಕೇಳುವವರಲ್ಲಿ ಎಷ್ಟೋ ಜನ ತೋಟ, ಗದ್ದೆ ನೋಡಿಕೊಂಡೇ ಬೆಳೆದವರು. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಕಂಪ್ಯೂಟರ್ ಮುಂದೆ ಹದಿನೈದು ವರ್ಷ ಕೂತ ಮೇಲೆ ಸ್ವಲ್ಪ ಮಣ್ಣು ಬೇಕು ಅನ್ನಿಸುವುದು ಸಹಜ ಅಲ್ವಾ? ಅದರ ಜೊತೆ ತೆರಿಗೆಯೂ ಇಲ್ಲ ಎಂದರೆ ಯಾರಿಗೆ ಬೇಡ?

ಅವರು ಕೇಳಿದ್ದು ಅರ್ಧ ನಿಜ. ಉಳಿದರ್ಧ ಗೊತ್ತಿಲ್ಲದೆ ಜಮೀನು ಕೊಂಡರೆ ಸಾವಿರಾರು ಡಾಲರಿನ ಬಿಲ್ಲು ಮನೆಗೆ ಬರಬಹುದು. ಆದ್ದರಿಂದ ಬುಡದಿಂದಲೇ ನೋಡೋಣ.

## ಆಸ್ತಿ ತೆರಿಗೆ ಹೇಗೆ ಬೀಳುತ್ತದೆ

ಟೆಕ್ಸಸ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇಲ್ಲ. ಶಾಲೆ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಊರಿನ ಆಡಳಿತಗಳಿಗೆ ಮುಖ್ಯವಾಗಿ ದುಡ್ಡು ಬರುವುದು ಆಸ್ತಿ ತೆರಿಗೆಯಿಂದ. ಅದಕ್ಕೇ ಇಲ್ಲಿ ಅದು ಜಾಸ್ತಿ. ಎಲ್ಲ ಸೇರಿ ಆಸ್ತಿಯ ಬೆಲೆಯ ನೂರಕ್ಕೆ ಎರಡರ ಆಸುಪಾಸು ಬರುವ ಜಾಗಗಳು ತುಂಬಾ ಇವೆ.

ಬೆಲೆ ಕಟ್ಟುವ ಕೆಲಸ ಕೌಂಟಿಯ ‘ಅಪ್ರೈಸಲ್ ಡಿಸ್ಟ್ರಿಕ್ಟ್’ ಎಂಬ ಕಚೇರಿಯದು. ತೆರಿಗೆಯ ದರ ತೀರ್ಮಾನಿಸುವವರು ಬೇರೆ: ಶಾಲಾ ಮಂಡಳಿ, ಕೌಂಟಿ, ನಗರ. ಜನವರಿ 1ರಂದು ನಿಮ್ಮ ಆಸ್ತಿ ಮಾರಿದ್ದರೆ ಎಷ್ಟು ಬರುತ್ತಿತ್ತು ಎಂಬುದೇ ಆ ವರ್ಷದ ಮಾರುಕಟ್ಟೆ ಬೆಲೆ. ಏಪ್ರಿಲ್ ಹೊತ್ತಿಗೆ ನೋಟೀಸು ಮನೆಗೆ ಬರುತ್ತದೆ.

ನಮ್ಮ ಊರಿನ ಕಂದಾಯ ಗೊತ್ತಿರುವವರಿಗೆ ಇಲ್ಲೇ ಮೊದಲ ಗಲಿಬಿಲಿ. ಕರ್ನಾಟಕದಲ್ಲಿ ಹೊಲಕ್ಕೆ ಕಟ್ಟುವ ಕಂದಾಯ ಎಷ್ಟು ಸಣ್ಣದೆಂದರೆ ಎಷ್ಟೋ ಮನೆಯಲ್ಲಿ ರಸೀದಿ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಟೆಕ್ಸಸ್‌ನಲ್ಲಿ ಹಾಗಲ್ಲ. ಬೇರೆ ಏರ್ಪಾಡು ಇಲ್ಲದಿದ್ದರೆ ಹೊಲಕ್ಕೂ ಸೈಟಿಗೂ ಒಂದೇ ತಕ್ಕಡಿ.

## ಹೆಸರೇ ದಾರಿ ತಪ್ಪಿಸುತ್ತದೆ

ಆ ಬೇರೆ ಏರ್ಪಾಡನ್ನೇ ಜನ ‘ಆ್ಯಗ್ ಎಕ್ಸೆಂಪ್ಷನ್’ (ಅಗ್ರಿಕಲ್ಚರ್ ಎಕ್ಸೆಂಪ್ಷನ್, ಅಂದರೆ ಬೇಸಾಯದ ವಿನಾಯಿತಿ) ಅನ್ನುತ್ತಾರೆ. ಹೆಸರು ಕೇಳಿದರೆ ವಿನಾಯಿತಿ ಇರಬೇಕು ಅನ್ನಿಸುತ್ತದೆ. ಆದರೆ ಕಾನೂನಿನಲ್ಲಿ ಇದು ವಿನಾಯಿತಿಯೇ ಅಲ್ಲ. ದರದಲ್ಲೂ ರಿಯಾಯಿತಿ ಇಲ್ಲ. ಬದಲಾಗುವುದು ಜಮೀನಿಗೆ ಬೆಲೆ ಕಟ್ಟುವ ರೀತಿ ಮಾತ್ರ.

ಮಲ್ಲೇಶ್ವರದ ಹಳೆ ಮನೆಯೊಂದರ ಹಿತ್ತಲಲ್ಲಿ ಮಾವಿನ ಮರ ಇದೆ ಎಂದುಕೊಳ್ಳಿ. ಅದು ನಿಂತಿರುವ ಜಾಗಕ್ಕೆ ಎರಡು ರೀತಿ ಬೆಲೆ ಕಟ್ಟಬಹುದು. ‘ಇಷ್ಟು ಅಡಿ ಸೈಟು, ಕಟ್ಟಡ ಎಬ್ಬಿಸಿದರೆ ಕೋಟಿಗಟ್ಟಲೆ’ ಅನ್ನುವುದು ಒಂದು ರೀತಿ. ‘ಈ ಮರ ವರ್ಷಕ್ಕೆ ಎಷ್ಟು ಹಣ್ಣು ಕೊಡುತ್ತದೆ, ಖರ್ಚು ಕಳೆದು ಎಷ್ಟು ಉಳಿಯುತ್ತದೆ’ ಎಂದು ನೋಡುವುದು ಇನ್ನೊಂದು. ಎರಡಕ್ಕೂ ಅಜಗಜಾಂತರ.

ಟೆಕ್ಸಸ್ ಕಾನೂನು ಬೇಸಾಯದ ಜಮೀನಿಗೆ ಎರಡನೇ ಲೆಕ್ಕ ಹಿಡಿಯುತ್ತದೆ. ಜಮೀನು ಏನು ಬೆಳೆಯಬಲ್ಲದೋ ಅದರ ಮೇಲೆ ಬೆಲೆ. ಮೊದಲ ಲೆಕ್ಕವನ್ನೂ ಕಚೇರಿ ಬಿಟ್ಟುಬಿಡುವುದಿಲ್ಲ. ನೋಟೀಸಿನಲ್ಲಿ ಎರಡೂ ಅಂಕಿ ಇರುತ್ತವೆ: ಮಾರುಕಟ್ಟೆ ಬೆಲೆ ಲಕ್ಷಗಳಲ್ಲಿ, ಬೆಳೆ ಲೆಕ್ಕದ ಬೆಲೆ ಕೆಲವು ಸಾವಿರದಲ್ಲಿ. ದೊಡ್ಡ ಅಂಕಿಯನ್ನು ಸುಮ್ನೆ ಮುದ್ರಿಸಿರುವುದಿಲ್ಲ. ಅದರ ಕೆಲಸ ಏನೆಂದು ಮುಂದೆ ಗೊತ್ತಾಗುತ್ತದೆ.

## ಇದು ಯಾಕೆ ಬಂತು

ಡಾಲಸ್‌ನ ಉತ್ತರಕ್ಕಿರುವ ಫ್ರಿಸ್ಕೊ ಊರನ್ನು ನೋಡಿ. ಇವತ್ತು ಅಲ್ಲಿ ಕನ್ನಡ ಮನೆಗಳೇ ಎಷ್ಟೋ ಇವೆ. 1990ರಲ್ಲಿ ಅಲ್ಲಿದ್ದವರು ಸುಮಾರು 6 ಸಾವಿರ ಜನ. 2020ರ ಗಣತಿಯಲ್ಲಿ 2 ಲಕ್ಷ. ಈಗ ಮನೆಗಳು ನಿಂತಿರುವ ನೆಲದಲ್ಲಿ ಮೊದಲು ಹತ್ತಿ, ಗೋಧಿ, ಜೋಳ ಬೆಳೆಯುತ್ತಿದ್ದರು. ಅಲ್ಲಿನ ಮಣ್ಣು ನಮ್ಮ ಗದಗ, ಧಾರವಾಡದ ಕಡೆಯ ಎರೆಮಣ್ಣಿನ ಜಾತಿಯದೇ. ಮಳೆ ಬಂದರೆ ಕಾಲಿಗೆ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಫ್ರಿಸ್ಕೊದಲ್ಲಿ ಮನೆಯ ಪಾಯಕ್ಕೆ ಬೇಸಿಗೆಯಲ್ಲಿ ನೀರು ಬಿಡುವವರಿಗೆ ಈ ಮಣ್ಣಿನ ಗುಣ ಚೆನ್ನಾಗಿ ಗೊತ್ತು.

ಅಂಥ ಕಡೆ ಇನ್ನೂರು ಎಕರೆಯಲ್ಲಿ ಹತ್ತಿ ಬೆಳೆಯುವ ಒಬ್ಬ ರೈತನನ್ನು ಯೋಚಿಸಿ. ಪಕ್ಕದ ಹೊಲ ಲೇಔಟ್ ಆಯಿತು. ಎಕರೆ ಬೆಲೆ ಹತ್ತು ಪಟ್ಟು ಏರಿತು. ಹತ್ತಿಯ ಬೆಲೆ ಏರಲಿಲ್ಲ. ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಹಾಕಿದರೆ ಇಡೀ ಬೆಳೆ ಮಾರಿದರೂ ತೆರಿಗೆಗೆ ಸಾಲುವುದಿಲ್ಲ. ಅವನಿಗೆ ಮಾರುವ ಮನಸ್ಸಿಲ್ಲ. ಆದರೂ ತೆರಿಗೆಯೇ ಅವನನ್ನು ಮಾರಿಸಿಬಿಡುತ್ತದೆ.

ಇದು ಟೆಕ್ಸಸ್ ಒಂದರ ಸಮಸ್ಯೆ ಆಗಿರಲಿಲ್ಲ. 1956ರಲ್ಲಿ ಮೇರಿಲ್ಯಾಂಡ್ ರಾಜ್ಯ ಮೊದಲು ಬೇಸಾಯದ ಜಮೀನಿಗೆ ಬೇರೆ ಲೆಕ್ಕ ತಂದಿತು. ಈಗ ಅಮೆರಿಕದ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ. ಟೆಕ್ಸಸ್ ಇದನ್ನು ತನ್ನ ಸಂವಿಧಾನಕ್ಕೇ ಸೇರಿಸಿತು. 1966ರಲ್ಲಿ ಬಂದ ‘1-ಡಿ’ ಎಂಬ ಕಲಮು ಬಿಗಿಯಾಗಿತ್ತು: ಬೇಸಾಯವೇ ಮಾಲೀಕರ ಮುಖ್ಯ ಕಸುಬು ಆಗಿರಬೇಕು. 1978ರಲ್ಲಿ ‘1-ಡಿ-1’ ಬಂತು. ಅದು ಮಾಲೀಕ ಯಾರು, ಅವರ ಆದಾಯ ಏನು ಎಂದು ಕೇಳುವುದಿಲ್ಲ. ಜಮೀನು ಏನು ಮಾಡುತ್ತಿದೆ ಎಂದು ಮಾತ್ರ ಕೇಳುತ್ತದೆ. ಇವತ್ತು ಜನ ಹೇಳುವ ಆ್ಯಗ್ ಎಕ್ಸೆಂಪ್ಷನ್ ಬಹುಮಟ್ಟಿಗೆ ಇದೇ. ಸಾಫ್ಟ್‌ವೇರ್ ಕೆಲಸದವರಿಗೂ ಇದು ಸಿಗುತ್ತಿರುವುದು ಈ ಕಾರಣಕ್ಕೆ.

## ಒಂದು ಲೆಕ್ಕ ಹಾಕೋಣ

ಅಂಕಿಗಳು ಉದಾಹರಣೆಗೆ ಮಾತ್ರ. ಕೌಂಟಿಯಿಂದ ಕೌಂಟಿಗೆ ಬದಲಾಗುತ್ತವೆ.

ನೀವು 12 ಎಕರೆ ಕೊಂಡಿರಿ. 1 ಎಕರೆಯಲ್ಲಿ ಮನೆ. ಮನೆ ಮತ್ತು ಅದರ ಸುತ್ತಲಿನ ಜಾಗ ಈ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಮಾಮೂಲಿ ಬೆಲೆ. ಉಳಿದದ್ದು 11 ಎಕರೆ ಹುಲ್ಲುಗಾವಲು. ಎಕರೆಗೆ 40,000 ಡಾಲರ್ ಮಾರುಕಟ್ಟೆ ಬೆಲೆ ಎಂದರೆ 4,40,000 ಡಾಲರ್. ನೂರಕ್ಕೆ 2ರಂತೆ ವರ್ಷಕ್ಕೆ 8,800 ಡಾಲರ್ ತೆರಿಗೆ.

ಈಗ ಬೆಳೆ ಲೆಕ್ಕ. ಅಂಥ ಹುಲ್ಲುಗಾವಲನ್ನು ದನ ಮೇಯಿಸಲು ಗುತ್ತಿಗೆಗೆ ಕೊಟ್ಟರೆ ಖರ್ಚು ಕಳೆದು ಎಕರೆಗೆ ವರ್ಷಕ್ಕೆ 15 ಡಾಲರ್ ಉಳಿಯುತ್ತದೆ ಅಂದುಕೊಳ್ಳಿ. ಈ ಅಂಕಿಯನ್ನು ಕಚೇರಿ ಐದು ವರ್ಷದ ಸರಾಸರಿಯಿಂದ ತೆಗೆಯುತ್ತದೆ. ನಿಮ್ಮ ಸ್ವಂತ ಲಾಭ-ನಷ್ಟ ಅಲ್ಲಿ ಲೆಕ್ಕಕ್ಕಿಲ್ಲ. ಆ ಭಾಗದ ಅಂಥ ಜಮೀನಿನಲ್ಲಿ ಒಬ್ಬ ಸಾಧಾರಣ ರೈತ ಎಷ್ಟು ಗಳಿಸಬಹುದೋ ಅದು.

ಆಮೇಲೆ ಆ ಆದಾಯವನ್ನು ಬೆಲೆಯಾಗಿ ಬದಲಾಯಿಸಬೇಕು. ಬಡ್ಡಿಯ ಲೆಕ್ಕವನ್ನು ತಿರುಗಿಸಿದರೆ ಇದು ಅರ್ಥವಾಗುತ್ತದೆ. ನೂರಕ್ಕೆ ಹತ್ತು ಬಡ್ಡಿ ಇದ್ದಾಗ ವರ್ಷಕ್ಕೆ 15 ಡಾಲರ್ ಬರಬೇಕಾದರೆ ಎಷ್ಟು ಅಸಲು ಇಡಬೇಕು? 150. ಹಾಗಾಗಿ ಎಕರೆಯ ಬೆಲೆ 150 ಡಾಲರ್. ಕಾನೂನಿನಲ್ಲಿ ಈ ದರ ಕನಿಷ್ಠ ನೂರಕ್ಕೆ 10 ಇರಲೇಬೇಕು.

11 ಎಕರೆಗೆ 1,650 ಡಾಲರ್ ಬೆಲೆ. ಅದರ ಮೇಲೆ ನೂರಕ್ಕೆ 2 ಎಂದರೆ 33 ಡಾಲರ್. ಎಲ್ಲಿಯ 8,800, ಎಲ್ಲಿಯ 33! ‘ಟ್ಯಾಕ್ಸೇ ಇಲ್ಲ’ ಎಂಬ ಮಾತು ಹುಟ್ಟಿದ್ದು ಹೀಗೆ.

## ಯಾವ ಜಮೀನಿಗೆ ಸಿಗುತ್ತದೆ

ಮೂರು ವಿಷಯ ನೋಡುತ್ತಾರೆ. ಮೊದಲನೆಯದು, ಜಮೀನಿನ ಮುಖ್ಯ ಬಳಕೆ ಬೇಸಾಯವೇ ಆಗಿರಬೇಕು. ಬೆಳೆ, ದನ, ಕುರಿ-ಮೇಕೆ, ಒಣಹುಲ್ಲು, ಹಣ್ಣಿನ ತೋಟ ಎಲ್ಲವೂ ನಡೆಯುತ್ತದೆ. ಮನೆಗೆ ಬೇಕಾದ ಬದನೆ, ಮೆಣಸಿನಕಾಯಿ ಬೆಳೆದುಕೊಂಡರೆ ಸಾಲದು.

ಎರಡನೆಯದು, ಆ ಪ್ರದೇಶದಲ್ಲಿ ರೂಢಿಯಲ್ಲಿರುವಷ್ಟು ಪ್ರಮಾಣದಲ್ಲಿ ಕೆಲಸ ನಡೆಯಬೇಕು. ಐವತ್ತು ಎಕರೆಯಲ್ಲಿ ಎರಡು ಮೇಕೆ ಕಟ್ಟಿ ಹಾಕಿದರೆ ಒಪ್ಪುವುದಿಲ್ಲ. ಎಷ್ಟು ಎಕರೆಗೆ ಎಷ್ಟು ದನ, ವರ್ಷಕ್ಕೆ ಎಷ್ಟು ಸಲ ಹುಲ್ಲು ಕೊಯ್ಯಬೇಕು ಎಂಬ ಪಟ್ಟಿ ಪ್ರತಿ ಕೌಂಟಿಯಲ್ಲೂ ಬೇರೆ. ಹ್ಯೂಸ್ಟನ್ ಕಡೆ ಮಳೆ ಜಾಸ್ತಿ, ಸ್ವಲ್ಪ ಜಾಗದಲ್ಲೇ ಒಂದು ಹಸು ಮೇಯುತ್ತದೆ. ಪಶ್ಚಿಮಕ್ಕೆ ಹೋದಂತೆ ಒಣನೆಲ, ಒಂದು ಹಸುವಿಗೇ ಎಷ್ಟೋ ಎಕರೆ ಬೇಕು. ಹಾಗಾಗಿ ಡಾಲಸ್‌ನ ಗೆಳೆಯರು ಹೇಳಿದ ಸಂಖ್ಯೆ ಆಸ್ಟಿನ್‌ನಲ್ಲಿ ನಡೆಯದು.

ಮೂರನೆಯದರಲ್ಲೇ ಜಾಸ್ತಿ ಜನ ಎಡವುವುದು. ಹಿಂದಿನ ಏಳು ವರ್ಷದಲ್ಲಿ ಐದು ವರ್ಷವಾದರೂ ಆ ಜಮೀನಿನಲ್ಲಿ ಬೇಸಾಯ ನಡೆದಿರಬೇಕು. ಊರಿನ ಗಡಿಯೊಳಗಿನ ಜಮೀನಿಗೆ ನಿಯಮ ಇನ್ನೂ ಬಿಗಿ. ಪಾಳು ಬಿದ್ದ ಜಮೀನು ಕೊಂಡು ಇವತ್ತು ದನ ಬಿಟ್ಟರೆ, ಮೊದಲ ಐದು ವರ್ಷ ಬೇಸಾಯವನ್ನೂ ಮಾಡಬೇಕು, ಪೂರಾ ತೆರಿಗೆಯನ್ನೂ ಕಟ್ಟಬೇಕು. ಆದರೆ ಈಗಾಗಲೇ ಈ ಸೌಲಭ್ಯ ಇರುವ ಜಮೀನು ಕೊಂಡರೆ ಹಿಂದಿನ ವರ್ಷಗಳು ಜಮೀನಿನ ಲೆಕ್ಕಕ್ಕೆ ಸೇರಿರುತ್ತವೆ. ಅಕ್ಕಪಕ್ಕದ ಎರಡು ಜಮೀನಿನ ಬೆಲೆಯಲ್ಲಿ ವ್ಯತ್ಯಾಸ ಇದ್ದರೆ ಕಾರಣ ಇದೂ ಇರಬಹುದು.

ನೀವೇ ಉಳಬೇಕೆಂದಿಲ್ಲ. ಪಕ್ಕದ ರೈತರಿಗೆ ಮೇಯಿಸಲು ಅಥವಾ ಹುಲ್ಲು ಕೊಯ್ಯಲು ಗುತ್ತಿಗೆ ಕೊಡಬಹುದು. ಗುತ್ತಿಗೆಯ ಕಾಗದ ಬರೆಸಿ ಇಟ್ಟುಕೊಳ್ಳಿ.

ನಮ್ಮವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಅಮೆರಿಕದ ನಿವಾಸಿ ಅಲ್ಲದ ವಿದೇಶಿಯರ ಹೆಸರಿನ ಜಮೀನಿಗೆ 1-ಡಿ-1 ಸಿಗದಂತೆ ಟೆಕ್ಸಸ್ ಕಾನೂನಿನಲ್ಲಿ ತಡೆ ಇದೆ. ಊರಲ್ಲಿರುವ ಅಪ್ಪ-ಅಮ್ಮನ ಹೆಸರಲ್ಲಿ ಕೊಳ್ಳುವ ಯೋಚನೆ ಇದ್ದರೆ ಮೊದಲು ವಕೀಲರನ್ನು ಕೇಳಿ. ವೀಸಾ ಮೇಲೆ ಇರುವವರೂ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

## ಜೇನು ಹೇಗೆ ಇದರಲ್ಲಿ ಬಂತು

ದನಕ್ಕೆ ಬೇಲಿ ಬೇಕು, ನೀರಿನ ತೊಟ್ಟಿ ಬೇಕು, ನೋಡಿಕೊಳ್ಳುವವರು ಬೇಕು. ಸಣ್ಣ ಜಮೀನಿಗೆ ಅದೆಲ್ಲ ಕಷ್ಟ. 2011ರಲ್ಲಿ ಟೆಕ್ಸಸ್ ಶಾಸನಸಭೆ ಜೇನು ಸಾಕಣೆಯನ್ನೂ ಬೇಸಾಯದ ಲೆಕ್ಕಕ್ಕೆ ಸೇರಿಸಿತು. ಪರಾಗಸ್ಪರ್ಶಕ್ಕೋ, ಮಾರುವಂಥ ಜೇನುತುಪ್ಪ-ಮೇಣಕ್ಕೋ ಸಾಕಿರಬೇಕು. ಜಾಗ 5 ಎಕರೆಗೆ ಕಡಿಮೆ ಇರಬಾರದು, 20 ಎಕರೆಗೆ ಜಾಸ್ತಿ ಇರಬಾರದು.

ಎಷ್ಟು ಪೆಟ್ಟಿಗೆ? ಎಷ್ಟೋ ಕೌಂಟಿಗಳಲ್ಲಿ ಮೊದಲ 5 ಎಕರೆಗೆ 6, ಆಮೇಲೆ ಪ್ರತಿ ಎರಡೂವರೆ ಎಕರೆಗೆ ಇನ್ನೊಂದು. 10 ಎಕರೆಗೆ 8 ಪೆಟ್ಟಿಗೆ ಆಯಿತು. ಒಂದು ಮೋಸ ಹೋಗುವ ಜಾಗ ಇಲ್ಲಿದೆ. ಸರಿಯಾಗಿ 5 ಎಕರೆ ಕೊಂಡು ಅದರಲ್ಲೇ ಮನೆ ಕಟ್ಟಿದರೆ ಮನೆಯ ಜಾಗ ಕಳೆದು ನಾಲ್ಕು ಎಕರೆ ಉಳಿಯುತ್ತದೆ. ಜೇನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಮನೆ ಕಟ್ಟುವ ಆಸೆ ಇದ್ದರೆ ಆರು ಎಕರೆಗಿಂತ ಕಡಿಮೆ ನೋಡಬೇಡಿ.

ಖಾಲಿ ಪೆಟ್ಟಿಗೆಗೆ ಬೆಲೆ ಇಲ್ಲ, ಒಳಗೆ ಹುಳ ಇರಬೇಕು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಇದು ಎಂಥ ಕೆಲಸ ಎಂದು ಗೊತ್ತಾಗುತ್ತದೆ. ಹೊಗೆ ಹಾಕಿ ಒಂದು ಫ್ರೇಮ್ ಎತ್ತಿದರೆ ಎರಡೂ ಕೈಗೆ ಭಾರ. ಮೇಲಂಚಿನಲ್ಲಿ ಬಿಳಿ ಮೇಣ ಮುಚ್ಚಿದ ತುಪ್ಪ, ಅದರ ಕೆಳಗೆ ಹಳದಿ-ಕಿತ್ತಳೆ ಪರಾಗದ ಸಾಲು, ನಡುವೆ ಮರಿಗಳ ಕೋಣೆಗಳು. ಕೊಡಗು, ಮಲೆನಾಡಿನಲ್ಲಿ ತುಡುವೆ ಸಾಕಿದವರಿಗೆ ಇದು ಪರಿಚಯದ ನೋಟವೇ. ಇಲ್ಲಿಯದು ಯುರೋಪಿನ ಜೇನು. ಹುಳ ದೊಡ್ಡದು, ಕುಟುಂಬವೂ ದೊಡ್ಡದು. ಜುಲೈ ಬಿಸಿಲಿಗೆ ಒಳಗೆ ಇರಲಾರದೆ ನೊಣಗಳು ಪೆಟ್ಟಿಗೆಯ ಬಾಯಿಗೆ ಗಡ್ಡದ ಹಾಗೆ ನೇತು ಬೀಳುತ್ತವೆ. ಹತ್ತಿರದಲ್ಲಿ ನೀರು ಇಡಬೇಕು. ವರೋವಾ ಎಂಬ ಉಣ್ಣಿಯಂಥ ಹುಳ ಹತ್ತಿದರೆ ಒಂದು ಚಳಿಗಾಲದಲ್ಲಿ ಇಡೀ ಪೆಟ್ಟಿಗೆ ಖಾಲಿಯಾಗಬಹುದು. ತೆರಿಗೆ ಉಳಿಸಲು ಇದು ಸುಲಭದ ದಾರಿ ಎಂದುಕೊಂಡು ಕೈಹಾಕಿದರೆ ಪಾಪ, ಕಷ್ಟಪಡುವುದು ಜೇನು. ಪುರುಸೊತ್ತು ಇಲ್ಲದವರು ಪೆಟ್ಟಿಗೆ ಇಟ್ಟು ನೋಡಿಕೊಳ್ಳುವ ಜೇನು ಕೃಷಿಕರ ಜೊತೆ ಗುತ್ತಿಗೆ ಮಾಡಿಕೊಳ್ಳಬಹುದು.

ಮೊದಲೇ ಈ ಸೌಲಭ್ಯ ಇರುವ ಜಮೀನಾದರೆ ಕಾಡುಪ್ರಾಣಿ, ಪಕ್ಷಿಗಳನ್ನು ಕಾಪಾಡುವ ದಾರಿಯೂ ಇದೆ. ನೀರು, ಆಹಾರ, ಗೂಡು ಒದಗಿಸುವುದು, ಮಣ್ಣು ಕೊಚ್ಚದಂತೆ ತಡೆಯುವುದು, ಗಣತಿ ಮಾಡುವುದು ಮುಂತಾದ ಏಳು ಕೆಲಸಗಳಲ್ಲಿ ಮೂರನ್ನು ಮಾಡಬೇಕು. ತೆರಿಗೆ ಅಷ್ಟೇ ಇರುತ್ತದೆ.

## ರೋಲ್‌ಬ್ಯಾಕ್: ಹಳೆ ಬಾಕಿ ಹಿಂದೆ ಬರುತ್ತದೆ

ನೋಟೀಸಿನ ಆ ದೊಡ್ಡ ಅಂಕಿಗೆ ಈಗ ಕೆಲಸ. ಜಮೀನನ್ನು ಬೇಸಾಯದಿಂದ ತೆಗೆದು ಬೇರೆ ಬಳಕೆಗೆ ತಿರುಗಿಸಿದರೆ, ಅಂದರೆ ಮನೆಗಳು, ಅಂಗಡಿ, ಗೋದಾಮು ಕಟ್ಟಿದರೆ, ಹಿಂದಿನ ಮೂರು ವರ್ಷದಲ್ಲಿ ಉಳಿಸಿದ ತೆರಿಗೆಯನ್ನು ವಾಪಸ್ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ ಉಳಿದದ್ದು 8,767 ಡಾಲರ್. ಮೂರು ವರ್ಷಕ್ಕೆ 26,301.

2019ಕ್ಕೆ ಮೊದಲು ಇದು ಐದು ವರ್ಷದ ಬಾಕಿ, ಜೊತೆಗೆ ನೂರಕ್ಕೆ 7 ಬಡ್ಡಿ. 2019ರಲ್ಲಿ ಮೂರು ವರ್ಷಕ್ಕೆ ಇಳಿಸಿ ಬಡ್ಡಿಯನ್ನು 5ಕ್ಕೆ ತಂದರು. 2021ರಲ್ಲಿ ಬಡ್ಡಿಯನ್ನೇ ತೆಗೆದರು. ಹಳೆಯ ಲೇಖನ ಓದಿ ಹೆದರಿದವರಿಗೆ ಇದು ಗೊತ್ತಿರಲಿ.

ಬಳಕೆ ಬದಲಾದ ಭಾಗಕ್ಕೆ ಮಾತ್ರ ಬಾಕಿ ಬೀಳುತ್ತದೆ, ಇಡೀ ಜಮೀನಿಗಲ್ಲ. ಬೇಸಾಯ ನಿಲ್ಲಿಸಿ ಜಮೀನನ್ನು ಹಾಗೇ ಬಿಟ್ಟರೆ ಸೌಲಭ್ಯ ಹೋಗುತ್ತದೆ. ಆದರೆ ಅಷ್ಟಕ್ಕೇ ಹಳೆ ಬಾಕಿ ಕೇಳುವುದಿಲ್ಲ.

ನಮ್ಮ ಕಡೆಯ ಡಿಸಿ ಕನ್ವರ್ಷನ್ ನೆನಪಿಸಿಕೊಂಡರೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಕರ್ನಾಟಕದಲ್ಲಿ ಹೊಲದಲ್ಲಿ ಲೇಔಟ್ ಮಾಡಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಸಾಮಾನ್ಯವಾಗಿ ಮೊದಲೇ ಭೂ ಪರಿವರ್ತನೆ ಮಾಡಿಸಬೇಕು. ಬಾಗಿಲಲ್ಲೇ ತಡೆ. ಟೆಕ್ಸಸ್‌ನ ಈ ತೆರಿಗೆ ಕಾನೂನು ಕಟ್ಟಬೇಡಿ ಎಂದು ಯಾರನ್ನೂ ತಡೆಯುವುದಿಲ್ಲ. ಕಟ್ಟಿದ ಮೇಲೆ ಬಿಲ್ಲು ಕಳಿಸುತ್ತದೆ.

ಬಿಲ್ಲು ಯಾರಿಗೆ? ಬಾಕಿ ಅಂಟಿಕೊಳ್ಳುವುದು ಜಮೀನಿಗೆ. ಮಾರಿದವರು ಮೂವತ್ತು ವರ್ಷ ದನ ಮೇಯಿಸಿ ಕಡಿಮೆ ತೆರಿಗೆ ಕಟ್ಟಿರುತ್ತಾರೆ. ಕೊಂಡವರು ಬಂದು ಗೋದಾಮು ಕಟ್ಟುತ್ತಾರೆ. ಮಾರಿದವರು ಉಳಿಸಿದ ವರ್ಷಗಳ ಬಾಕಿ ಕೊಂಡವರ ಕೈಗೆ ಬರುತ್ತದೆ. ರೋಲ್‌ಬ್ಯಾಕ್ ಬಂದರೆ ಯಾರು ಕಟ್ಟಬೇಕು ಎಂಬುದನ್ನು ಕ್ರಯದ ಒಪ್ಪಂದದಲ್ಲೇ ಬರೆಸಬೇಕು ಎನ್ನುವುದು ಇದಕ್ಕೆ.

## ಇದರ ಬಗ್ಗೆ ತಕರಾರು ಇಲ್ವಾ?

ಇದೆ. ಲೇಔಟ್ ಮಾಡಲೆಂದೇ ಕೊಂಡ ಕಂಪನಿಗಳೂ ಕೆಲಸ ಶುರುವಾಗುವವರೆಗೆ ದನ ಬಿಟ್ಟು ಇದೇ ಲೆಕ್ಕದಲ್ಲಿ ತೆರಿಗೆ ಕಟ್ಟುತ್ತವೆ, ಆ ಹೊರೆ ಸಾಮಾನ್ಯ ಮನೆಯವರ ಮೇಲೆ ಬೀಳುತ್ತದೆ ಎಂಬುದು ಒಂದು ವಾದ. ಹೊಲಕ್ಕೆ ಶಾಲೆ, ರಸ್ತೆ, ಪೊಲೀಸರ ಖರ್ಚು ಕಡಿಮೆ, ಹಾಗಾಗಿ ಕಡಿಮೆ ತೆರಿಗೆ ಸರಿಯೇ ಎಂಬುದು ಇನ್ನೊಂದು. ರೋಲ್‌ಬ್ಯಾಕ್ ಇಟ್ಟಿರುವುದೇ ಈ ಎರಡರ ನಡುವಿನ ಒಪ್ಪಂದದಂತೆ.

## ನ್ಯೂಜೆರ್ಸಿಯಲ್ಲಿ ಬೇರೆ ಲೆಕ್ಕ

ಟೆಕ್ಸಸ್‌ನಲ್ಲಿ ಕೇಳಿದ್ದನ್ನು ಬೇರೆ ರಾಜ್ಯದ ಅಣ್ಣನಿಗೋ ಅಕ್ಕನಿಗೋ ಹೇಳುವ ಮುಂಚೆ ಸ್ವಲ್ಪ ತಾಳಿ. ನ್ಯೂಜೆರ್ಸಿಯ ಕಾಯ್ದೆ 1964ರದು. ಅಲ್ಲಿ ಕನಿಷ್ಠ 5 ಎಕರೆ ಬೇಸಾಯದಲ್ಲಿರಬೇಕು, ಮನೆಯ ಜಾಗ ಬೇರೆ. ಹಿಂದಿನ ಎರಡು ವರ್ಷ ಬಿಡದೆ ಬೇಸಾಯ ನಡೆದಿರಬೇಕು. ದುಡ್ಡಿನ ಲೆಕ್ಕವೂ ಬೇಕು: ಮೊದಲ 5 ಎಕರೆಯಿಂದ ವರ್ಷಕ್ಕೆ 1,000 ಡಾಲರಿನ ಮಾರಾಟ, ಮೇಲಿನ ಪ್ರತಿ ಎಕರೆಗೆ 5 ಡಾಲರ್. ಈ ಸಾವಿರ ಮೊದಲು 500 ಇತ್ತು. ಅರ್ಜಿ ಪ್ರತಿ ವರ್ಷ ಹಾಕಬೇಕು, ಹಿಂದಿನ ವರ್ಷದ ಆಗಸ್ಟ್ 1ರೊಳಗೆ. ಟೆಕ್ಸಸ್ ದನ, ಪೆಟ್ಟಿಗೆಗಳನ್ನು ಎಣಿಸಿದರೆ ನ್ಯೂಜೆರ್ಸಿ ರಸೀದಿಗಳನ್ನು ಎಣಿಸುತ್ತದೆ.

## ಅರ್ಜಿ ಹಾಕುವಾಗ

ಟೆಕ್ಸಸ್‌ನಲ್ಲಿ ಅರ್ಜಿಯ ನಮೂನೆ 50-129. ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಏಪ್ರಿಲ್ 30ರೊಳಗೆ ಕೊಡಬೇಕು. ತಡವಾದರೆ ಆ ವರ್ಷದ ಬೆಲೆ ಪಟ್ಟಿ ಅಂತಿಮ ಆಗುವವರೆಗೆ ಕೊಡಬಹುದು, ಆದರೆ ಉಳಿಯುವ ತೆರಿಗೆಯ ನೂರಕ್ಕೆ 10 ದಂಡ. ಒಮ್ಮೆ ಸಿಕ್ಕರೆ ಕಚೇರಿ ಕೇಳದ ಹೊರತು ಪ್ರತಿ ವರ್ಷ ಹಾಕಬೇಕಿಲ್ಲ. ಮಾಲೀಕರು ಬದಲಾದರೆ ಮಾತ್ರ ಹೊಸ ಅರ್ಜಿ ಬೇಕು. ಹಳೆ ಮಾಲೀಕರಿಗೆ ಇತ್ತಲ್ಲ, ತಾನಾಗೇ ಬರುತ್ತದೆ ಎಂದು ಸುಮ್ಮನಿದ್ದರೆ ಆ ವರ್ಷ ಪೂರಾ ತೆರಿಗೆ ಬೀಳುತ್ತದೆ.

ಟ್ರ್ಯಾಕ್ಟರ್, ಮೇವು ಕೊಳ್ಳುವಾಗ ಮಾರಾಟ ತೆರಿಗೆ ಉಳಿಸುವ ‘ಆ್ಯಗ್ ನಂಬರ್’ ಬೇರೆಯೇ. ಅದನ್ನು ಕೊಡುವುದು ರಾಜ್ಯದ ಕಂಟ್ರೋಲರ್ ಕಚೇರಿ. ಒಂದು ಇದ್ದರೆ ಇನ್ನೊಂದೂ ಇದ್ದಂತೆ ಅಲ್ಲ.

ಅರ್ಜಿ ತಿರಸ್ಕಾರವಾದರೆ ಕೌಂಟಿಯ ಅಪ್ರೈಸಲ್ ರಿವ್ಯೂ ಬೋರ್ಡ್ ಮುಂದೆ ತಕರಾರು ಹಾಕಬಹುದು. ಅಲ್ಲಿ ಬಾಯಿಮಾತಿಗಿಂತ ಕಾಗದ ಗಟ್ಟಿ: ಗುತ್ತಿಗೆ ಪತ್ರ, ಹುಲ್ಲು ಮಾರಿದ ಚೀಟಿ, ಜೇನು ಕುಟುಂಬ ಕೊಂಡ ರಸೀದಿ, ತಾರೀಕು ಇರುವ ಫೋಟೋಗಳು.

ಕೊಳ್ಳುವ ಮುಂಚೆಯೇ ಮಾಡಬಹುದಾದ ಒಂದು ಕೆಲಸ ಇದೆ, ಖರ್ಚೇನೂ ಇಲ್ಲ. ಅಪ್ರೈಸಲ್ ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಆ ಜಮೀನನ್ನು ಹುಡುಕಿ. ನಮ್ಮ ಪಹಣಿಯಲ್ಲಿ ಬೆಳೆಯ ಕಾಲಂ ನೋಡುವ ಹಾಗೆ, ವರ್ಷ ವರ್ಷದ ಎರಡು ಬೆಲೆಗಳನ್ನು ನೋಡಿ. ಐದು ವರ್ಷವೂ ಸಣ್ಣ ಅಂಕಿ ಇದೆಯಾ, ನಡುವೆ ಯಾವುದಾದರೂ ವರ್ಷ ದೊಡ್ಡ ಅಂಕಿಗೆ ಹಾರಿದೆಯಾ? ಹಾರಿದ್ದರೆ ಮುಂಗಡ ಕೊಡುವ ಮುಂಚೆ ಕಚೇರಿಗೆ ಫೋನ್ ಮಾಡಿ, ಆ ವರ್ಷ ಏನಾಯಿತೆಂದು ಕೇಳಿ.